ವಾಟಿ ಫ್ಲೆಟ್ ಕುಣಿದ ಶನಿವಾರ

ನನ್ನ ಗಂಡ ವಾಟಿ ಫ್ಲೆಟ್‌ನ ಬಾಯಿಗೆ ಬೀಗ ಹಾಕುವವರು ನಮ್ಮ ಪೋರ್ಟ್‌ಲೆನ್ನಿಯಲ್ಲಿ ಇನ್ನೂ ಹುಟ್ಟಿಲ್ಲ. ಕಡಲಿಗಿಳಿದಾಗ ಅವನು ಮಾತನಾಡುವುದೇ ಅಪರೂಪವೆಂದು ಅವನ ಜೊತೆ ದೋಣಿಯಲ್ಲಿ ದುಡಿಯುವ ನೀಲ್ ಆಣೆ ಮಾಡಿ ಹೇಳುತ್ತಾನೆ. ಇರಬಹುದು. ಅಲ್ಲಿ ಉಳಿಸಿದ್ದನ್ನೆಲ್ಲ ದಡಕ್ಕೆ ಬಂದ ಮೇಲೆ ಖರ್ಚು ಮಾಡುತ್ತಾನೆ, ಅಷ್ಟೆ. ಆ ಬೇಸಿಗೆಯಲ್ಲಿ, ಊರಿನ ವಾರ್ಷಿಕ ಆಟೋಟಕ್ಕೆ ಇನ್ನೇನು ತಿಂಗಳಿದೆ ಎನ್ನುವಾಗ, ಬಂದರಿನ ಎದುರಿನ ಪಬ್ಬಿನಲ್ಲಿ ಅವನು ಉದುರಿಸಿದ ಒಂದು ಮಾತು ನಮ್ಮ ಮನೆಯನ್ನು ಬುಡಮೇಲು ಮಾಡಿತು.

ಅವತ್ತು ನಾನೂ ಅಲ್ಲೇ ಇದ್ದೆ. ಚರ್ಚಿನ ಹಾಲಿನಲ್ಲಿ ಕುಣಿತದ ಪಾಠ ಮುಗಿಸಿ, ನಾನು ಮತ್ತು ಪಕ್ಕದ ಮನೆಯ ಮ್ಯೂರಿಯಲ್ ಕಿಟಕಿಯ ಮೇಜಿನಲ್ಲಿ ಕೂತು ಆಟೋಟದ ದಿನ ಯಾರು ಯಾವ ಕುಣಿತಕ್ಕೆ ಎಂದು ಮಾತಾಡುತ್ತಿದ್ದೆವು. ಹಾರ್ನ್‌ಪೈಪ್ ವಿಷಯ ಬಂತು. ನಾವಿಕರ ಕುಣಿತ ಅದು: ಬಿಳಿ ಪ್ಯಾಂಟು, ನೀಲಿ ಕಾಲರು, ದುಂಡು ಟೋಪಿ, ಹಡಗಿನಲ್ಲಿ ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ವರಸೆ. ನನ್ನ ತಾಯಿ ಜೆಸ್ಸಿ ನನಗೆ ಕಲಿಸಿದ್ದು, ನಾನು ಊರಿನ ಅರ್ಧ ಹೆಣ್ಣುಮಕ್ಕಳಿಗೆ ಕಲಿಸಿದ್ದು.

ಬಿಯರ್ ಲೋಟ ಹಿಡಿದು ನಿಂತಿದ್ದ ವಾಟಿ ನಮ್ಮ ಕಡೆ ತಿರುಗಿದ.

"ಅದಕ್ಕೆ ನಾವಿಕರ ಕುಣಿತ ಅಂತ ಹೆಸರು ಬೇರೆ ಕೇಡು. ನಿಮ್ಮ ಹುಡುಗೀರು ಹಗ್ಗ ಎಳೆಯೋದು ನೋಡಿದ್ದೀನಿ ಕಣೇ ಐನಾ. ಬೆಕ್ಕಿನ ಬಾಲ ಎಳೆದ ಹಾಗೆ. ಅಷ್ಟು ಮೆಲ್ಲಗೆ ಎಳೆದ್ರೆ ಬೆಕ್ಕೂ ಬೇಜಾರು ಮಾಡ್ಕೊಳಲ್ಲ."

"ಯಾವಾಗ ನೋಡಿದೆಯೋ?" ಅಂದೆ. "ಮೂವತ್ತು ವರ್ಷದಲ್ಲಿ ನಮ್ಮ ಹಾಲಿನ ಕಡೆ ತಲೆ ಹಾಕಿಯೂ ಮಲಗಿಲ್ಲ ನೀನು."

"ಆಟೋಟದ ದಿನ ಬಿಯರ್ ಟೆಂಟಿನಿಂದ ಕಾಣುತ್ತೆ. ನಿಜವಾಗಿ ಕಡಲಿಗೆ ಹೋಗೋನು ಒಬ್ಬ ಆ ಕುಣಿಯೋ ಹಲಗೆ ಹತ್ತಿದ್ರೆ ನಿಮ್ಮೋರೆಲ್ಲ ಮನೆಗೆ ಹೋಗ್ಬೇಕು."

ಡೂಗಲ್ ಮೇರ್ ಅಲ್ಲೇ ಮೂಲೆಯಲ್ಲಿ ಕೂತಿದ್ದ. ಅವನದೂ ಏಡಿ ಹಿಡಿಯುವ ದೋಣಿ. ಅವನೂ ವಾಟಿಯೂ ಒಂದೇ ಬೆಂಚಿನಲ್ಲಿ ಓದಿದವರು, ಒಬ್ಬರ ಕಾಲು ಒಬ್ಬರು ಎಳೆಯದೆ ಇಬ್ಬರಿಗೂ ಊಟ ಸೇರುವುದಿಲ್ಲ.

"ಹಾಗಾದ್ರೆ ಹತ್ತು ಮಾರಾಯ," ಅಂದ ಡೂಗಲ್. "ಊರಿನೋರ ವಿಭಾಗ ಇದೆಯಲ್ಲ. ಹೆಸರು ಕೊಡು."

"ಕೊಡ್ತೀನಿ."

"ಕೊಟ್ಟು, ಆಮೇಲೆ ಮೊಣಕಾಲು ನೋವು ಅಂದ್ರೆ?"

"ಅಂದ್ರೆ ನನ್ನ ಚುಕ್ಕಾಣಿ ಕೋಣೆಗೆ ಹಸಿರು ಬಣ್ಣ ಬಳೀತೀನಿ."

ಕೇಡು ತಟ್ಟದಿರಲೆಂದು ಯಾರದೋ ಕೈ ಸರ್ರನೆ ಮೇಜಿನ ಕೆಳಗಿನ ಕಬ್ಬಿಣದ ಕಾಲನ್ನು ಹುಡುಕಿತು. ಹಸಿರು ನೆಲದ ಬಣ್ಣ. ದೋಣಿಗೆ ಬಳಿದರೆ ದೋಣಿ ನೆಲವನ್ನು ಹುಡುಕಿಕೊಂಡು ಹೋಗಿ ಬಂಡೆ ಹತ್ತುತ್ತದೆ. ಹಸಿರು ಸ್ವೆಟರ್ ಹಾಕಿಕೊಂಡವರು ದೋಣಿ ಕಟ್ಟುವ ಧಕ್ಕೆಯ ಮೇಲೆ ಎದುರಾದರೂ ನಮ್ಮ ಗಂಡಸರು ಅವತ್ತು ಮನೆಗೆ ವಾಪಸು ಬಂದು ಹೊದ್ದು ಮಲಗುತ್ತಾರೆ. ಅಂಥ ಊರಿನಲ್ಲಿ ಇವನು ತನ್ನ ತಾಯಿಯ ಹೆಸರಿಟ್ಟ ‘ಎಲ್ಸ್‌ಪೆತ್’ ದೋಣಿಯನ್ನು ಪಣಕ್ಕಿಟ್ಟ.

ಡೂಗಲ್ ಎದ್ದು ಬಂದ. ನಗು ಮಾಯವಾಗಿತ್ತು, ಆದರೆ ಹಿಂದೆ ಸರಿಯುವ ಜಾಯಮಾನ ಅವನದೂ ಅಲ್ಲ. ಷರತ್ತು ಬಿಡಿಸಿ ಹೇಳಿದ: ಮೊದಲ ಸೆಲ್ಯೂಟಿನಿಂದ ಕೊನೆಯ ಸೆಲ್ಯೂಟಿನವರೆಗೆ ಬ್ಯಾಗ್‌ಪೈಪಿನ ತಾಳ ತಪ್ಪದೆ ಕುಣಿಯಬೇಕು. ಬಹುಮಾನ ಬೇಕಾಗಿಲ್ಲ. ತೀರ್ಪುಗಾರರು ಎಷ್ಟೇ ಕಡಿಮೆಯಾಗಲಿ ಒಂದು ಅಂಕ ಕೊಟ್ಟರೆ ವಾಟಿ ಗೆದ್ದ. ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊರಗಿಟ್ಟರೆ ಹಸಿರು. ಇಬ್ಬರೂ ಅಂಗೈಗೆ ಉಗುಳಿಕೊಂಡು ಕೈ ಕುಲುಕಿದರು.

ಮನೆಗೆ ಬಂದ ಮೇಲೆ ನಾನು ಅವನಿಗೆ ಉಗಿದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವನು ಬೂಟು ಬಿಚ್ಚುತ್ತಾ ಎಲ್ಲ ಕೇಳಿಸಿಕೊಂಡ. ಕೊನೆಗೆ, "ಹೇಗೂ ನೀನು ಕಲಿಸ್ತೀಯಲ್ಲ," ಅಂದ, ಸಾರು ಬಡಿಸ್ತೀಯಲ್ಲ ಅನ್ನುವ ಧಾಟಿಯಲ್ಲಿ.

ಮರುದಿನವೇ ಅಡುಗೆಮನೆಯ ಮೇಜನ್ನು ಗೋಡೆಗೆ ತಳ್ಳಿ ಶುರು ಮಾಡಿದೆವು. ಅಯ್ಯೋ, ಆ ಶರೀರ. ಹಾರ್ನ್‌ಪೈಪ್ ಕುಣಿಯುವುದು ಮುಂಗಾಲಿನ ಮೇಲೆ, ಹಿಮ್ಮಡಿ ನೆಲ ಮುಟ್ಟಬಾರದು. ವಾಟಿ ಎರಡು ಪಾದವನ್ನೂ ಅಗಲವಾಗಿ ಊರಿ, ನೆಲದಲ್ಲಿ ನಟ್ಟವನಂತೆ ನಿಲ್ಲುತ್ತಿದ್ದ. ಅವನು ಹಾರಿದರೆ ಅಟ್ಟದ ಮೇಲಿನ ತಟ್ಟೆಗಳೆಲ್ಲ ಗಲಗಲ ಅನ್ನುತ್ತಿದ್ದವು, ಮ್ಯೂರಿಯಲ್ ಆ ಕಡೆಯಿಂದ ಗೋಡೆ ಬಡಿಯುತ್ತಿದ್ದಳು.

"ಎತ್ತು ಹಿಮ್ಮಡಿ. ನೀನು ನಿಂತಿರೋದು ನೆಲದ ಮೇಲೆ, ಇದೇನು ಅಲುಗಾಡಲ್ಲ," ಅಂತ ಗದರಿದೆ.

"ಅದೇ ಕಣೇ ತೊಂದರೆ. ಅಲುಗಾಡಿದ್ರೆ ಸರಿಯಾಗಿ ನಿಲ್ತಿದ್ದೆ."

ಎಲ್ಲಕ್ಕಿಂತ ದೊಡ್ಡ ಜಗಳ ಕೈಯದು. ಕುಣಿತದ ನಡುವೆ ಪ್ಯಾಂಟನ್ನು ಹಿಂದೊಮ್ಮೆ ಮುಂದೊಮ್ಮೆ ಮೇಲೆತ್ತಿಕೊಳ್ಳುವ ಒಂದು ವರಸೆ ಇದೆ. ಅಲ್ಲಿ ಅಂಗೈ ಬಟ್ಟೆಗೆ ತಾಗಬಾರದು, ಮುಂಗೈಯಷ್ಟೇ, ಅಂದರೆ ಅಂಗೈಯ ಹಿಂಬದಿಯಷ್ಟೇ ತಾಗಬೇಕು. ವಾಟಿಗೆ ಅದು ತಲೆಗೇ ಹೋಗಲಿಲ್ಲ.

"ಇದೆಂಥ ಬೆಡಗು? ಪ್ಯಾಂಟು ಜಾರಿದ್ರೆ ಎತ್ಕೋಬೇಕು. ಮುಂಗೈಯಲ್ಲಿ ಎತ್ಕೋಳೋದು ಮಹಾರಾಣಿ ಮನೇಲಿ."

ಮೂರು ಸಂಜೆ ಹೇಳಿ ನನ್ನ ಗಂಟಲು ಕಟ್ಟಿತು. ನಾಲ್ಕನೆಯ ಸಂಜೆ ಮಾತು ಬಿಟ್ಟೆ. ಅವನ ಎಂಜಿನ್ ಗ್ರೀಸಿನ ಡಬ್ಬಿ ತಂದು, ಎರಡೂ ಅಂಗೈಗೆ ಚೆನ್ನಾಗಿ ಬಳಿದೆ. ಹಳೆಯ ಬೆಡ್‌ಶೀಟಿನಲ್ಲಿ ಆಗಷ್ಟೇ ಹೊಲಿದು ಮುಗಿಸಿದ್ದ ಬಿಳಿ ಪ್ಯಾಂಟು ತೊಡಿಸಿದೆ.

"ಈಗ ಕುಣಿ. ಕಲೆ ಆದ್ರೆ ಒಗೆಯೋನು ನೀನೇ, ತಣ್ಣೀರಲ್ಲಿ."

ಅವನು ಕೈ ನೋಡಿಕೊಂಡ, ಪ್ಯಾಂಟು ನೋಡಿಕೊಂಡ. ನಾನು ಬಾಯಿಂದಲೇ ತಾಳ ಹಾಕಿದೆ. ಆ ವರಸೆ ಬಂದಾಗ ಅವನ ಕೈ ತಾನೇ ತಿರುಗಿತು. ಮುಂಗೈ ಹಿಂದೆ, ಮುಂಗೈ ಮುಂದೆ, ಒಂದು ಚುಕ್ಕೆ ಕೂಡ ಇಲ್ಲ.

"ಓ," ಅಂದ. ಅಂಗೈ ತಿರುಗಿಸಿ ನೋಡಿ, "ಹಡಗಿನ ಹಗ್ಗದ ಡಾಂಬರು ಮೆತ್ತಿದ ಕೈ. ಈ ಕುಣಿತ ಕಟ್ಟಿದೋನು ಯಾರೋ ದುಡಿದವನೇ ಕಣೇ," ಅಂದ.

ಅಲ್ಲಿಂದ ಅವನಿಗೆ ಹುಚ್ಚು ಹಿಡಿಯಿತು. ಹಲ್ಲುಜ್ಜುತ್ತಾ ಕುಣಿಯುತ್ತಿದ್ದ, ಮೊಟ್ಟೆ ಬೇಯುವವರೆಗೆ ಕುಣಿಯುತ್ತಿದ್ದ. ಒಂದು ದಿನ ನೀಲ್ ಏಡಿಯ ಬುಟ್ಟಿ ಇಳಿಸಲು ಬಂದವನು ಬಾಗಿಲಲ್ಲೇ ನಿಂತು ದೂರಿದ. "ಐನಕ್ಕ, ನಿನ್ನ ಗಂಡನ್ನ ಡಾಕ್ಟರಿಗೆ ತೋರಿಸು. ನಿನ್ನೆ ಅಲೆ ಏಳ್ತಿದೆ, ಚುಕ್ಕಾಣಿ ನನ್ನ ಕೈಗೆ ಕೊಟ್ಟು ಹಿಂದೆ ಹೋದ. ಯಾಕೋ ಬರ್ಲಿಲ್ಲವಲ್ಲ, ಬಿದ್ದನೇನೋ ಅಂತ ಹೋಗಿ ನೋಡಿದ್ರೆ ಎದೆ ಮೇಲೆ ಕೈ ಕಟ್ಕೊಂಡು ಕುಪ್ಪಳಿಸ್ತಾ ಇದಾನೆ."

"ಹಿಮ್ಮಡಿ ನೆಲ ಮುಟ್ತಿತ್ತಾ?" ಅಂತ ಕೇಳಿದೆ.

ನೀಲ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಇಬ್ಬರಿಗೂ ತಗಲಿದೆ ಎಂದುಕೊಂಡು ಹೊರಟುಹೋದ.

ಒಂದೇ ಒಂದು ವರಸೆ ಮಾತ್ರ ಅವನು ಮಾಡಲು ಒಪ್ಪಲಿಲ್ಲ. ಅದೇ, ಪಬ್ಬಿನಲ್ಲಿ ಹಂಗಿಸಿದ ಹಗ್ಗದ ವರಸೆ. ಕೊನೆಯದಕ್ಕಿಂತ ಒಂದು ಹಿಂದೆ ಬರುತ್ತದೆ.

"ತುದೀಲಿ ಏನೂ ಇಲ್ಲದ ಹಗ್ಗವನ್ನ ಯಾವ ದಡ್ಡ ಎಳೀತಾನೆ?"

"ಇದೆ ಅಂತ ತಿಳ್ಕೋ. ಬೋನು ಕಟ್ಟಿದೆ, ಏಡಿ ಇದೆ."

ಅವನು ನಿಂತಲ್ಲೇ ಕಣ್ಣು ಮುಚ್ಚಿದ. "ಎಷ್ಟು ಆಳ?"

ನನ್ನ ಜನ್ಮದಲ್ಲಿ ಯಾವ ಶಿಷ್ಯೆಯೂ ಕೇಳದ ಪ್ರಶ್ನೆ. "ಹನ್ನೆರಡು ಮಾರು," ಅಂದೆ ಬಾಯಿಗೆ ಬಂದದ್ದನ್ನು.

"ಕೆಳಗೆ ಮರಳೋ, ಬಂಡೆಯೋ?"

"ಬಂಡೆ."

"ಹಾಂ. ಸಿಕ್ಕಿಹಾಕ್ಕೊಂಡಿದೆ ಹಾಗಾದ್ರೆ," ಅಂತ ಗೊಣಗಿ, ಬಗ್ಗಿ, ಎಳೆದ. ಆ ಎಳೆತಕ್ಕೆ ಅಡುಗೆಮನೆಯೇ ಒಂದು ಪಕ್ಕಕ್ಕೆ ವಾಲಿದ ಹಾಗೆ ಕಂಡಿತು. ಇಷ್ಟು ವರ್ಷ ನಾನು ಕಲಿಸಿದ್ದು ಚಂದವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿ ಭಾರ ಇರಲಿಲ್ಲ.

ಆಟೋಟದ ಶನಿವಾರ ಬಂತು. ಬೆಳಕು ಹರಿಯುವ ಮೊದಲೇ ವಾಟಿ ಎದ್ದು ಬೂಟು ಹಾಕಿಕೊಳ್ಳುತ್ತಿದ್ದ. ಭಾನುವಾರ ಗಾಳಿ ಜೋರು ಎಂದು ರೇಡಿಯೋ ಹೇಳಿತ್ತು, ಬಂಡೆಯ ಮಗ್ಗುಲಿನ ಬೋನುಗಳನ್ನು ಎತ್ತದಿದ್ದರೆ ಒಡೆದು ಚೂರಾಗುತ್ತವೆ. "ಮಧ್ಯಾಹ್ನದೊಳಗೆ ಬಂದೆ ಅಂತ ತಿಳ್ಕೋ," ಅಂದ. ನಾನು ತಿಳಿದುಕೊಂಡೆ. ತಿಳಿದುಕೊಂಡು ಕೆಟ್ಟೆ.

ಮಧ್ಯಾಹ್ನವಾಯಿತು. ಗುಡ್ಡದ ಮೇಲಿನ ಮೈದಾನದಲ್ಲಿ ದಪ್ಪ ದಿಮ್ಮಿ ಎಸೆಯುವವರು ಎಸೆದು ಮುಗಿಸಿದರು, ಹಗ್ಗಜಗ್ಗಾಟದಲ್ಲಿ ಮೇಲಿನ ಬೀದಿಯವರು ಕೆಸರಿಗೆ ಬಿದ್ದೆದ್ದರು, ಪುಟ್ಟ ಮಕ್ಕಳ ಕುಣಿತ ಆಯಿತು. ವಾಟಿಯ ಸುದ್ದಿಯೇ ಇಲ್ಲ. ಪಶ್ಚಿಮದ ಕಡೆ ಆಕಾಶ ಕಪ್ಪಿಡುತ್ತಿತ್ತು. ಡೂಗಲ್ ಕಂಕುಳಲ್ಲಿ ಬಣ್ಣದ ಡಬ್ಬಿ ಇಟ್ಟುಕೊಂಡು ಮೈದಾನವೆಲ್ಲ ಸುತ್ತುತ್ತಿದ್ದ. ಡಬ್ಬಿಗೆ ರಿಬ್ಬನ್ ಬೇರೆ ಕಟ್ಟಿದ್ದ.

"ಎಲ್ಲಿ ಐನಾ ನಿನ್ನ ನಾವಿಕ? ಹಗ್ಗ ಎಳೆಯೋಕೆ ಬೆಕ್ಕು ಹುಡುಕ್ತಾ ಇದಾನಾ?"

"ಬಾಯ್ಮುಚ್ಚು ಡೂಗಲ್. ಆ ಡಬ್ಬಿ ನಿನ್ನ ತಲೆ ಮೇಲೆ ಸುರಿದೇನು."

ಅಲ್ಲಿ ನಿಲ್ಲಲಾರದೆ ಇಳಿದು ಹೋಗಿ ಸಮುದ್ರದ ಗೋಡೆ ಹತ್ತಿ ನಿಂತೆ, ಬಿಳಿ ಬಟ್ಟೆಯ ಗಂಟು ಕೈಯಲ್ಲಿ. ಅತ್ತ ಮೈದಾನದಲ್ಲಿ, ಅವತ್ತು ಹೆಸರು ಕರೆಯುವ ಕೆಲಸ ವಹಿಸಿಕೊಂಡಿದ್ದ ಮ್ಯೂರಿಯಲ್ ಮೈಕಿನಲ್ಲಿ ಏನೋ ಕೂಗಿ ಹೇಳುತ್ತಿದ್ದಳು. ಗಾಳಿಗೆ ಒಂದಕ್ಷರ ಕೇಳಿಸಲಿಲ್ಲ. ಆಮೇಲೆ ಗೊತ್ತಾಯಿತು: ಮಳೆ ಬರುವುದರೊಳಗೆ ಎಲ್ಲರನ್ನೂ ಮುಗಿಸಬೇಕೆಂದು ಊರಿನವರ ಹಾರ್ನ್‌ಪೈಪಿನಿಂದ ಕೊನೆಯ ಎರಡು ವರಸೆಗಳನ್ನು ತೆಗೆದುಹಾಕಿದ್ದಾರೆ ಎಂದು ಸಾರುತ್ತಿದ್ದಳಂತೆ. ಕುಣಿಯುವವರೆಲ್ಲ ಕೇಳಿಸಿಕೊಂಡರು, ನನ್ನ ಗಂಡನೊಬ್ಬನನ್ನು ಬಿಟ್ಟು.

ಅಷ್ಟರಲ್ಲಿ ತಡೆಗೋಡೆಯ ತುದಿಯಲ್ಲಿ ಎಲ್ಸ್‌ಪೆತ್‌ಳ ನೀಲಿ ಮೂತಿ ಕಂಡಿತು. ಬೋನುಗಳನ್ನು ಬೆಟ್ಟದಂತೆ ಪೇರಿಸಿಕೊಂಡು ಬರುತ್ತಿದ್ದಳು. ನನಗೆ ಕೂಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ದೋಣಿ ಧಕ್ಕೆಗೆ ತಾಗುವ ಮೊದಲೇ ಅದನ್ನು ನೀಲ್‌ನ ಕೈಗೆ ಬಿಟ್ಟು ವಾಟಿ ಹಾರಿದ. ಮೀನಿನ ಲಾರಿಯ ಹಿಂದೆ ನಿಲ್ಲಿಸಿ ಪ್ಯಾಂಟು ತೊಡಿಸಿದೆ, ಟೋಪಿ ಒತ್ತಿದೆ. ಇಬ್ಬರೂ ಗುಡ್ಡದ ದಾರಿಯಲ್ಲಿ ಓಡಿದೆವು, ಅವನ ಬಾಯಲ್ಲಿ ಅರ್ಧ ಓಟ್ಸ್ ರೊಟ್ಟಿ.

"ಕೊನೇ ಸಲ ಕರೀತಿದೀನಿ, ವಾಲ್ಟರ್ ಫ್ಲೆಟ್," ಎಂದು ಮ್ಯೂರಿಯಲ್ ಮೈಕಿನಲ್ಲಿ ಹೇಳುವುದಕ್ಕೂ ಅವನು ಹಲಗೆಯ ಮೇಲೆ ಕಾಲಿಡುವುದಕ್ಕೂ ಸರಿಹೋಯಿತು. ಅವನ ಒಂದು ಕಡೆ ಅಂಚೆ ಕಚೇರಿಯ ಲೋರ್ನಾ, ಇನ್ನೊಂದು ಕಡೆ ಶಾಲೆಯಲ್ಲಿ ಅಡುಗೆ ಮಾಡುವ ಬೆಸ್, ಇಬ್ಬರೂ ನನ್ನ ಶಿಷ್ಯೆಯರೇ. ನಡುವೆ ಇವನು, ಸೊಂಟದ ಮೇಲೆ ಬಿಳಿ ಬಟ್ಟೆ ಬಿಗಿದು, ಕಿವಿಯ ಹಿಂದೆ ಮೀನಿನ ಪೊರೆ ಅಂಟಿಸಿಕೊಂಡು. ಜನ ಹೋ ಎಂದು ನಕ್ಕರು. ಬಿಯರ್ ಟೆಂಟು ಪೂರ್ತಿ ಖಾಲಿಯಾಗಿ ಹಗ್ಗದ ಬೇಲಿಯ ಬಳಿಗೆ ಬಂದಿತ್ತು. ಎದುರಿಗೆ ಕೊಡೆ ಹಿಡಿದು ಕೂತಿದ್ದ ಪರ್ತ್ ಊರಿನ ತೀರ್ಪುಗಾರ್ತಿ ಮಾತ್ರ ನಗಲಿಲ್ಲ. ಅವರು ಪೆನ್ಸಿಲ್ ಎತ್ತಿಕೊಂಡರು.

ಮುದುಕ ಆರ್ಚಿ ಬ್ಯಾಗ್‌ಪೈಪ್ ಊದಿದ. ಮೂವರೂ ಸೆಲ್ಯೂಟ್ ಹೊಡೆದರು.

ಮೊದಲ ವರಸೆಯಲ್ಲಿ ಎದೆಯ ಮುಂದೆ ಕೈ ಕಟ್ಟಿ, ತೇಲುವ ಹಡಗಿನ ಮೇಲೆ ನಡೆದ ಹಾಗೆ ಅತ್ತ ಇತ್ತ ತೂಗುತ್ತಾ ಸುತ್ತು ಬರಬೇಕು. ಲೋರ್ನಾ, ಬೆಸ್ ಚೆನ್ನಾಗಿಯೇ ತೂಗಿದರು. ವಾಟಿಗೆ ಅದು ನಡಿಗೆಯೇ ಆಗಿತ್ತು. ಹಿಮ್ಮಡಿ ಮೇಲಿದೆ, ತಾಳಕ್ಕೆ ಸರಿಯಾಗಿದೆ, ಆ ದೊಡ್ಡ ಶರೀರ ಎಲ್ಲಿ ಹೋಯಿತೋ. ನಗುತ್ತಿದ್ದವರ ನಗು ಅರ್ಧಕ್ಕೆ ನಿಂತಿತು. ಹುಬ್ಬಿನ ಮೇಲೆ ಕೈ ಇಟ್ಟು ದೂರ ನೋಡುವ ವರಸೆ ಬಂತು. ಅವನು ನೋಡಿದ ಕಡೆಗೆ ಬೇಲಿಯ ಬಳಿಯಿದ್ದ ನಾಲ್ಕು ಮುದುಕರು ತಿರುಗಿ ನೋಡಿದರು. ನೂಲೇಣಿ ಹತ್ತುವ ವರಸೆಯಲ್ಲಿ ಜನ ಚಪ್ಪಾಳೆ ಶುರು ಮಾಡಿದರು. ಪ್ಯಾಂಟಿನ ವರಸೆ. ಮುಂಗೈ, ಮುಂಗೈ. "ಅದೇ ನನ್ನ ರಾಜ, ಅದೇ," ಎಂದು ನಾನು ಗಟ್ಟಿಯಾಗಿ ಹೇಳಿದ್ದು ಪಕ್ಕದವರಿಗೆಲ್ಲ ಕೇಳಿಸಿತು, ಕೇಳಿಸಲಿ. ಡೂಗಲ್ ಡಬ್ಬಿ ಕೆಳಗಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆಯುತ್ತಿದ್ದ.

ಆಗ ಬ್ಯಾಗ್‌ಪೈಪ್ ನಿಂತಿತು.

ಲೋರ್ನಾ ಮತ್ತು ಬೆಸ್ ಕಾಲು ಜೋಡಿಸಿ ಸೆಲ್ಯೂಟ್ ಹೊಡೆದು ನಿಂತರು. ವಾಟಿ ಆಗಲೇ ಹಗ್ಗದ ವರಸೆಗೆ ಬಗ್ಗಿಯಾಗಿತ್ತು. ಎರಡು ಕೈ ಮುಂದೆ ಚಾಚಿದೆ, ಮುಷ್ಟಿ ಬಿಗಿದಿದೆ. ಇಡೀ ಮೈದಾನದಲ್ಲಿ ಬಾವುಟದ ಪಟಪಟ ಬಿಟ್ಟರೆ ಸದ್ದಿಲ್ಲ. ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಮ್ಯೂರಿಯಲ್‌ಳ ಬಿಳಿಚಿದ ಮುಖ ನೋಡಿದ್ದೇ ಎಲ್ಲ ತಿಳಿಯಿತು.

ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರೆ ಸಾಕಿತ್ತು. ತುಸು ತಡವಾಯಿತೆಂದು ನಾಲ್ಕು ಅಂಕ ಕಳೆಯುತ್ತಿದ್ದರು, ಇನ್ನುಳಿದದ್ದು ಅವನದೇ. ಅದು ಮೈದಾನದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಡೂಗಲ್ ಬೇಲಿಯ ಹಗ್ಗದ ಮೇಲೆ ಬಗ್ಗಿ ಕೂಗಿದ: "ಸೆಲ್ಯೂಟ್ ಹೊಡಿಯೋ ವಾಟಿ. ಮುಗೀತು ಕಣೋ. ಸೆಲ್ಯೂಟ್ ಹೊಡಿ, ಹಸಿರು ಗಿಸಿರು ಬೇಡ ಮಾರಾಯ."

ವಾಟಿ ತಲೆ ಎತ್ತಿ ಜನರ ನಡುವೆ ಹುಡುಕಿದ. ನಾನು ಸಿಕ್ಕಿದೆ. ನನ್ನನ್ನೇ ನೋಡುತ್ತಾ ಎಳೆದ.

ಏನು ಹೇಳಲಿ, ಬರಿಗೈಯಲ್ಲಿ ಆ ಮನುಷ್ಯ ಹಗ್ಗವನ್ನು ತಂದ. ಒಂದು ಎಳೆತ, ಹಿಡಿತ ಬದಲು, ಇನ್ನೊಂದು ಎಳೆತ. ಕಾಲು ತಾಳ ತಪ್ಪಲಿಲ್ಲ, ತಾಳವೇ ಇಲ್ಲದಿದ್ದರೂ. ತೀರ್ಪುಗಾರ್ತಿ ಪೆನ್ಸಿಲನ್ನು ಮೇಜಿನ ಮೇಲೆ ಮಲಗಿಸಿದರು. ಸೋತ. ನನ್ನ ಗಂಡ ಎಲ್ಲರ ಕಣ್ಣೆದುರು ಸೋತ. ನನಗೆ ಕೋಪ ಬರಬೇಕಾಗಿತ್ತು, ಅದರ ಬದಲು ನನಗೇ ತಿಳಿಯದಂತೆ ನನ್ನ ಬಾಯಿ ತೆರೆಯಿತು. ವಾದ್ಯದವರು ಸಿಗದ ಕಾಲದಲ್ಲಿ ನನ್ನ ತಾಯಿ ಬಾಯಿಂದಲೇ ರಾಗ ಹಾಡಿ ಕುಣಿಸುತ್ತಿದ್ದಳು. ಡಿಡಲ್ ಡಮ್, ಡಿಡಲ್ ಡಮ್, ಅರ್ಥವಿಲ್ಲದ ಅಕ್ಷರಗಳು. ಅದನ್ನೇ ಹಿಡಿದೆ, ಗಂಟಲು ಹರಿಯುವ ಹಾಗೆ.

ಮ್ಯೂರಿಯಲ್ ಮೈಕು ಎಸೆದು ಸೇರಿಕೊಂಡಳು. ಬೆಸ್ ಹಲಗೆಯ ಮೇಲೇ ಸೇರಿಕೊಂಡಳು. ಬೇಲಿಯ ಬಳಿಯಿದ್ದ ಗಂಡಸರು, ಜೀವಮಾನದಲ್ಲಿ ಕುಣಿತದ ಗೊಡವೆಗೆ ಬಾರದವರು, ಬೂಟುಗಾಲಿನಿಂದ ನೆಲ ಕುಟ್ಟತೊಡಗಿದರು. ಮಳೆಯ ಮೊದಲ ಹನಿ ಬಿತ್ತು, ಒಬ್ಬರೂ ಕದಲಲಿಲ್ಲ. "ಎಳಿಯೋ," ಎಂದ ನೀಲ್. "ಬಂತು, ಬಂತು," ಎಂದ ಇನ್ನೊಬ್ಬ. ವಾಟಿ ಬೋನನ್ನು ದೋಣಿಯ ಅಂಚಿನ ಮೇಲೆ ಎತ್ತಿ ಒಳಗಿಳಿಸಿದಾಗ ಊರೇ ಅಬ್ಬರಿಸಿತು. ಅವನು ಅಲ್ಲಿಗೂ ಬಿಡದೆ ಕೊನೆಯ ವರಸೆಯನ್ನೂ ಹಾರಿ ಕುಣಿದು, ಕಾಲು ಜೋಡಿಸಿ, ಸುರಿಯುವ ಮಳೆಯಲ್ಲಿ ಸೆಲ್ಯೂಟ್ ಹೊಡೆದ.

ತೀರ್ಪುಗಾರ್ತಿ ಕೊಡೆಯ ಕೆಳಗಿನಿಂದ ಹೇಳಿದರು: "ಸಂಗೀತ ನಿಂತ ಮೇಲೂ ಕುಣಿದವರಿಗೆ ಅಂಕ ಇಲ್ಲ, ಮಿಸ್ಟರ್ ಫ್ಲೆಟ್. ನಿಯಮ ಹಾಗಿದೆ."

"ಸರಿ ಮೇಡಂ," ಅಂದ ವಾಟಿ, ಏದುಸಿರು ಬಿಡುತ್ತಾ.

"ಮುಂದಿನ ವರ್ಷ ಸ್ವಲ್ಪ ಬೇಗ ಬನ್ನಿ," ಎಂದು ಅವರು ಮೂಗು ಒರೆಸಿಕೊಂಡರು.

ಆ ರಾತ್ರಿ ಪಬ್ಬಿನಲ್ಲಿ ವಾಟಿಗೆ ಅವನ ಹಣದಲ್ಲಿ ಒಂದು ಲೋಟವನ್ನೂ ಕೊಳ್ಳಲು ಬಿಡಲಿಲ್ಲವಂತೆ. ಭಾನುವಾರ ನಮ್ಮಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಗಾಳಿಯೂ ಬೀಸಿ ಹೋಯಿತು. ಸೋಮವಾರ ಬೆಳಿಗ್ಗೆ ಅವನು ಡೂಗಲ್‌ನ ಮನೆಯ ಬಾಗಿಲು ತಟ್ಟಿ ಡಬ್ಬಿ ಕೇಳಿದ. ಡೂಗಲ್ ಕೊಡಲಿಲ್ಲ. ತಮಾಷೆಗೆ ತಂದದ್ದು ಎಂದ, ತಪ್ಪು ಮ್ಯೂರಿಯಲ್‌ಳದು ಎಂದ, ಕೊನೆಗೆ ನಮ್ಮ ಮನೆಯವರೆಗೂ ಹಿಂದೆಯೇ ಬಂದು ನನಗೆ ದುಂಬಾಲು ಬಿದ್ದ.

"ನೀನಾದ್ರೂ ಹೇಳು ಐನಾ. ನಾನೇ ಬಿಟ್ಟೆ ಅಂತಿದೀನಲ್ಲ. ಇಡೀ ಬಂದರಿಗೇ ಕೇಡು ಅದು."

"ನಾನು ಸೋತಿದೀನಿ ಕಣೋ," ಅಂದ ವಾಟಿ. "ಗೆದ್ದಿದ್ರೆ ನೀನು ಒಪ್ಕೋತಿದ್ದೆ. ಸೋತ್ರೆ ನಾನು ಒಪ್ಕೋಬೇಡ್ವಾ?"

ಅವನು ಪೇಟೆಗೆ ಹೋಗಿ ಬೇರೆ ಡಬ್ಬಿ ತಂದು ಇಡೀ ದಿನ ಕೂತು ಬಳಿದ. ಎಂಥ ಹಸಿರು ಅಂತೀರಿ, ಗದ್ದೆಯ ಹಸಿರು. ಧಕ್ಕೆಯ ಮೇಲೆ ಓಡಾಡುವವರು ಮುಖ ತಿರುಗಿಸಿಕೊಂಡು ಓಡಾಡಿದರು. ಸಂಜೆ ನೀಲ್ ಟೋಪಿ ಕೈಯಲ್ಲಿ ಹಿಡಿದು ಬಂದ. "ಅಣ್ಣ, ನನಗೆ ಎರಡು ಮಕ್ಕಳು," ಅಂದ. ಅಷ್ಟೇ ಹೇಳಿ ನಿಂತ. ವಾಟಿ ಅವನ ಹೆಗಲು ತಟ್ಟಿ ಕಳಿಸಿದ. ಒಬ್ಬನೇ ಹೋಗುತ್ತೇನೆ ಎಂದ. ಬೋನು ಎತ್ತುವ ಕೆಲಸಕ್ಕೆ ಒಬ್ಬನೇ ಹೋಗಬಾರದು. ಕಾಲಿಗೆ ಹಗ್ಗ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಅದನ್ನು ಅವನೂ ಬಲ್ಲ, ನಾನೂ ಬಲ್ಲೆ. ನಾನು ವಾದ ಮಾಡಲು ಹೋಗಲಿಲ್ಲ.

ಮಂಗಳವಾರ ನಸುಕಿನಲ್ಲಿ ಅವನ ಹಳೆಯ ರಬ್ಬರ್ ಕೋಟು, ಹಳೆಯ ಬೂಟು ಹಾಕಿಕೊಂಡು ಅವನ ಹಿಂದೆಯೇ ಧಕ್ಕೆಗೆ ಹೋದೆ. ಏಣಿಯಿಳಿದು ಎಲ್ಸ್‌ಪೆತ್‌ಳ ಮೇಲೆ ಕಾಲಿಟ್ಟೆ. ಪೋರ್ಟ್‌ಲೆನ್ನಿಯಲ್ಲಿ ದುಡಿಯುವ ದೋಣಿಗೆ ಹೆಂಗಸು ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಮೇಲೆ ನಿಂತಿದ್ದ ಡೂಗಲ್ ಸೇದುತ್ತಿದ್ದ ಹೊಗೆಸೊಪ್ಪಿನ ಪೈಪನ್ನು ಬಾಯಿಂದ ತೆಗೆದ.

"ಹಸಿರೂ ಸಾಲದು ಅಂತ ಹೆಂಗಸೂ ಬೇರೇನಾ?"

"ಎರಡು ಅಪಶಕುನ ಒಂದಕ್ಕೊಂದು ಕಚ್ಚಾಡ್ಕೊಂಡಿರ್ತಾವೆ ಬಿಡು. ನಮ್ಮ ತಂಟೆಗೆ ಬರೋಕೆ ಅವಕ್ಕೆ ಪುರುಸೊತ್ತೆಲ್ಲಿ?" ಅಂದೆ.

ವಾಟಿ ಏನಾದರೂ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಎಂಜಿನ್ ಶುರು ಮಾಡಿದ.

ತಡೆಗೋಡೆ ದಾಟಿದ ಮೇಲೆ ಗೊತ್ತಾಯಿತು, ನೀಲ್ ಹೇಳುತ್ತಿದ್ದದ್ದು ನಿಜ. ಮಾತೇ ಇಲ್ಲ. ಬೇರೆ ಯಾರೋ ಗಂಡಸು ಚುಕ್ಕಾಣಿ ಹಿಡಿದು ನಿಂತ ಹಾಗಿತ್ತು. ಸೂರ್ಯ ಆಗ ಮೇಲೆ ಬರುತ್ತಿದ್ದ, ನೀರಿನ ಮೇಲೆ, ಶನಿವಾರ ಎತ್ತದೆ ಬಿಟ್ಟಿದ್ದ ಬೋನುಗಳಿಗೆ ಕಟ್ಟಿದ ನಮ್ಮ ಗುರುತಿನ ಕೆಂಪು ತೇಲುಬುರುಡೆಗಳು ಒಂದೊಂದಾಗಿ ಕಾಣತೊಡಗಿದವು. ಶನಿವಾರದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

"ಬ್ಯಾಗ್‌ಪೈಪ್ ನಿಂತಿದ್ದು ನಿನಗೆ ಕೇಳಿಸಲಿಲ್ವಾ?"

"ಕೇಳಿಸ್ತು."

"ಡೂಗಲ್ ಕೂಗಿದ್ದು?"

"ಅದೂ ಕೇಳಿಸ್ತು."

"ಮತ್ತೆ ಯಾಕೋ?"

ಅವನು ಎಂಜಿನ್ ತಗ್ಗಿಸಿ, ಕೊಕ್ಕೆಯಿಂದ ಮೊದಲ ತೇಲುಬುರುಡೆಯನ್ನು ಹಿಡಿದು ಒಳಕ್ಕೆ ತಂದ. ಹಗ್ಗ ಕೈಗೆ ಸುತ್ತಿಕೊಳ್ಳುತ್ತಾ ಹೇಳಿದ. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಾ ಬಂದೆ. ನೀನು ಒಂದು ದಿನ ನೋಡಿಲ್ಲ, ನೋಡೋ ಹಾಗೂ ಇರ್ಲಿಲ್ಲ. ಅವತ್ತು ನೀನು ನೋಡ್ತಾ ನಿಂತಿದ್ದೆ. ಅರ್ಧಕ್ಕೆ ಬಿಡೋಕೆ ಮನಸ್ಸು ಬರ್ಲಿಲ್ಲ ಕಣೇ."

ಅವನು ಕಾಲು ಅಗಲಿಸಿ, ಎರಡೂ ಹಿಮ್ಮಡಿ ಗಟ್ಟಿಯಾಗಿ ಊರಿ, ಬಗ್ಗಿ ಎಳೆಯಲು ಶುರು ಮಾಡಿದ. ನಾನು ಹಸಿರು ಗೋಡೆಗೆ ಒರಗಿ ನಿಂತು, ಬೋನು ನೀರಿನಿಂದ ಮೇಲೆ ಬರುವವರೆಗೂ ಕಣ್ಣು ಕೀಳದೆ ನೋಡಿದೆ.